ಎಳೆತ ತಜ್ಞ

ನಮ್ಮ ಬೀದಿಯ ಮೆತ್ತೆಯಣ್ಣ ವಿಮಾನ ಇಳಿಸಿದ ಸಂಗತಿಯನ್ನು ನೀವು ಈಗಾಗಲೇ ಯಾರ ಬಾಯಲ್ಲಾದರೂ ಕೇಳಿದ್ದರೆ ದಯವಿಟ್ಟು ಮರೆತುಬಿಡಿ. ಆ ಸುದ್ದಿ ಹುಟ್ಟಿದ್ದು ಕ್ಷೌರದಂಗಡಿಯಲ್ಲಿ, ಬೆಳೆದದ್ದು ಔಷಧಿ ಅಂಗಡಿಯಲ್ಲಿ. ಅದಕ್ಕೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ನಾನು ಅವನ ಅಂಗಡಿಯ ಎದುರಿಗೇ ಗಡಿಯಾರ ರಿಪೇರಿ ಮಾಡುತ್ತ ಕೂತವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡವನಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ ಎಂದು ಜನ ಆಡಿಕೊಳ್ಳಬಹುದು. ಇರಲಿ. ನಡೆದದ್ದನ್ನು ನಾನು ಅವನಿಂದ ಅರ್ಧ, ಅವನ ಹೆಂಡತಿಯಿಂದ ಪೂರ್ತಿ ಕೇಳಿದ್ದೇನೆ. ಎರಡೂ ಹೊಂದದ ಕಡೆ ಹೆಂಡತಿಯ ಮಾತನ್ನೇ ಹಿಡಿದಿದ್ದೇನೆ. ಅನುಭವಸ್ಥರು ಹಾಗೇ ಮಾಡುತ್ತಾರೆ.

ಮೆತ್ತೆಯಣ್ಣನ ಕಸುಬು ಸೀಟು ಹೊಲಿಯುವುದು. ಸೋಫಾ, ಬಸ್ಸಿನ ಸೀಟು, ಚಿತ್ರಮಂದಿರದ ಕುರ್ಚಿ, ಹಲ್ಲಿನ ಡಾಕ್ಟರ ಒರಗು ಕುರ್ಚಿ, ಎಲ್ಲದಕ್ಕೂ ಹಳೇ ಸ್ಪಂಜು ಕಿತ್ತು ಹೊಸದು ತುಂಬಿ ಬಟ್ಟೆ ಎಳೆದು ಮೊಳೆ ಹೊಡೆಯುವುದು ಅವನ ಕೆಲಸ. ಹೊಲಿಗೆ ಹೆಂಡತಿಯದು. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಅವನ ನಾಲಿಗೆಯಲ್ಲಿ ಒಂದು ಊನವಿತ್ತು: 'ಗೊತ್ತಿಲ್ಲ' ಎಂಬ ಶಬ್ದ ಅದರ ಮೇಲೆ ಹೊರಳುತ್ತಿರಲಿಲ್ಲ. ಏನು ಕೇಳಿದರೂ ಅವನು ಗಂಭೀರವಾಗಿ ತಲೆಯಾಡಿಸಿ, "ಎಲ್ಲಾ ಎಳೆತದಲ್ಲಿದೆ" ಅನ್ನುತ್ತಿದ್ದ. ಬಾಗಿಲು ಯಾಕೆ ಮುಚ್ಚುತ್ತಿಲ್ಲ? ಎಳೆತ. ಮಗು ಯಾಕೆ ಅಳುತ್ತಿದೆ? ಎಳೆತ. ಸೀಟಿನ ಮಟ್ಟಿಗೆ ಅದು ನಿಜವೇ. ಬಟ್ಟೆಯ ಎಳೆತ ಹೆಚ್ಚಾದರೆ ಹೊಲಿಗೆ ಬಿಡುತ್ತದೆ, ಕಡಿಮೆಯಾದರೆ ಸುಕ್ಕು ಬೀಳುತ್ತದೆ. ಉಳಿದ ವಿಷಯಗಳಿಗೂ ಅದನ್ನೇ ಹೊದಿಸಿದ್ದು ಅವನ ಪ್ರತಿಭೆ.

ಆ ವರ್ಷ ಅವನಿಗೆ ವಿಸಿಟಿಂಗ್ ಕಾರ್ಡಿನ ಹುಚ್ಚು ಹಿಡಿಯಿತು. ಅಚ್ಚಿನವನು, "ದೊಡ್ಡ ಅಕ್ಷರದಲ್ಲಿ ಎರಡೇ ಪದಕ್ಕೆ ಜಾಗ" ಅಂದ. 'ಸೀಟು ಹೊಲಿಗೆ' ಎಂದು ಹಾಕಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾರ್ಡು ಬಂದಾಗ ಅದರ ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು: 'ಎಳೆತ ತಜ್ಞ'. ಕೆಳಗೆ ಫೋನ್ ನಂಬರು.

"ಇದನ್ನ ನೋಡಿ ಹಲ್ಲು ಕೀಳೋನು ಅಂತ ತಿಳ್ಕೊಳ್ತಾರೆ" ಅಂದಳು ಹೆಂಡತಿ.

"ತಿಳ್ಕೊಳ್ಳೋರಿಗೆ ತಲೆ ಇರುತ್ತೆ ಕಣೆ."

ಮೊದಲ ವಾರ ಮೂವರು ಬಂದರು. ಒಬ್ಬ ದವಡೆ ಹಿಡಿದುಕೊಂಡಿದ್ದ. ಒಬ್ಬಾಕೆ ಸೊಂಟ ಹಿಡಿದುಕೊಂಡಿದ್ದಳು. ಮೂರನೆಯವನು ಏನನ್ನೂ ಹಿಡಿದುಕೊಂಡಿರಲಿಲ್ಲ. ಅವನ ಲಾರಿ ಹಳ್ಳಕ್ಕೆ ಬಿದ್ದಿತ್ತು, ಎಳೆಯಬೇಕಿತ್ತು. ಮೆತ್ತೆಯಣ್ಣ ಮೂವರಿಗೂ ಗೊತ್ತಿಲ್ಲ ಅನ್ನಲಿಲ್ಲ, "ನೋಡೋಣ" ಅಂದ. ಅವರನ್ನು ಸಾಗಹಾಕುವಷ್ಟರಲ್ಲಿ ಹೆಂಡತಿಗೆ ಸಾಕುಸಾಕಾಯಿತು.

ನಾಲ್ಕನೆಯದು ಫೋನು. ಬೆಳಗ್ಗೆ ಒಂಬತ್ತು ಗಂಟೆ. ಅವನ ಬಾಯಲ್ಲಿ ಮೊಳೆಗಳಿದ್ದದ್ದರಿಂದ ಹೆಂಡತಿ ಸ್ಪೀಕರ್ ಒತ್ತಿ ಮುಂದೆ ಹಿಡಿದಳು. ಹೀಗಾಗಿ ಬೀದಿಯ ಈ ಬದಿಗೂ ಕೇಳಿಸಿತು.

"ಎಳೆತ ತಜ್ಞರಾ?"

ಮೆತ್ತೆಯಣ್ಣ ಮೊಳೆಗಳನ್ನು ಅಂಗೈಗೆ ಉಗಿದ. "ಹೌದು, ಹೇಳಿ."

"ನಾನು ವಿಮಾನ ಓಡಿಸೋದು ಕಲಿಸೋ ಶಾಲೆ ಮ್ಯಾನೇಜರು. ನಮ್ಮ ವಿಮಾನದ ಎಳೆತ ಕೆಟ್ಟಿದೆ ಸಾರ್! ನಾಳೆ ಬೆಳಗ್ಗೆ ಇಲಾಖೆ ಇನ್ಸ್‌ಪೆಕ್ಟರ್ ಬರ್ತಿದಾರೆ. ಕಂಪನಿ ಇಂಜಿನಿಯರನ್ನ ಕೇಳಿದ್ರೆ ತಿಂಗಳು ಬಿಟ್ಟು ಬರ್ತೀನಿ ಅಂತಾನೆ. ನಿಮ್ಮ ಕಾರ್ಡು ನನ್ನ ಮೇಜಿನ ಮೇಲೆ ದೇವರೇ ಇಟ್ಟ ಹಾಗಿತ್ತು."

ಇಟ್ಟದ್ದು ದೇವರಲ್ಲ, ಆ ಶಾಲೆಯ ವ್ಯಾನಿನ ಡ್ರೈವರು. ಹಿಂದಿನ ವಾರ ತನ್ನ ಸೀಟು ಹೊಲಿಸಿಕೊಂಡು ಹೋದಾಗ ಕಾರ್ಡು ಒಯ್ದಿದ್ದ.

"ಗಾಬರಿ ಆಗ್ಬೇಡಿ" ಅಂದ ಮೆತ್ತೆಯಣ್ಣ. "ಬಿಗಿ ಆಗಿದೆಯೋ, ಸಡಿಲ ಆಗಿದೆಯೋ?"

"ಸಡಿಲಾನೇ ಇರ್ಬೇಕು. ಕೂರೋದೇ ಇಲ್ಲ ಸಾರ್, ತೇಲ್ತಾ ಹೋಗುತ್ತೆ."

"ಎಷ್ಟು ವರ್ಷದ್ದು?"

"ಆರು."

"ದಿನಕ್ಕೆ ಎಷ್ಟು ಜನ ಕೂತ್ಕೊಳ್ತಾರೆ?"

"ಎಂಟು."

"ದಪ್ಪಗಿರೋರೋ, ತೆಳ್ಳಗಿರೋರೋ?"

ಆ ಕಡೆ ಮ್ಯಾನೇಜರು ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದು ಕೇಳಿಸಿತು: "ತೂಕಾನೂ ಲೆಕ್ಕಕ್ಕೆ ತಗೊಳ್ತಾರೆ ಮೇಡಂ! ಆ ಇಂಜಿನಿಯರು ಇದನ್ನ ಒಂದಿನಾನೂ ಕೇಳಿರ್ಲಿಲ್ಲ!"

ಗಂಟೆಯೊಳಗೆ ವ್ಯಾನು ಬಂತು. ಮೆತ್ತೆಯಣ್ಣ ವಿಮಾನದ ಕೆಲಸಕ್ಕೆ ಹೊರಟಿದ್ದಾನೆ ಎಂಬ ಸುದ್ದಿ ಅಷ್ಟರೊಳಗೆ ಬೀದಿಯ ಎರಡೂ ತುದಿ ಮುಟ್ಟಿ ವಾಪಸು ಬಂದಿತ್ತು. ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯ ಜೊತೆಗೇ ಹೊರಗೆ ಬಂದ. ಔಷಧಿ ಅಂಗಡಿಯವನು ವಾಂತಿ ಮಾತ್ರೆ ತಂದುಕೊಟ್ಟ. ಅತ್ತೆ, ಅಂದರೆ ಹೆಂಡತಿಯ ತಾಯಿ, ಬಾಗಿಲಲ್ಲಿ ನಿಂತು ಅಳಿಯನಿಗೆ ಸ್ವೆಟರು ಹಾಕಿಸಿದಳು. ಮೇಲೆ ಚಳಿ ಇರುತ್ತದಂತೆ. ಹೆಂಡತಿ ಹೊಲಿಗೆ ಮಿಷಿನನ್ನು ವ್ಯಾನಿಗೇರಿಸಿ, "ಬರೀ ಸೀಟು ಕಣ್ರೋ, ಯಾಕೆ ಹೀಗೆ ನೋಡ್ತೀರಿ?" ಎಂದು ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಇಷ್ಟವೂ ಇರಲಿಲ್ಲ.

ಶಾಲೆಯಲ್ಲಿ ಅವರನ್ನು ಕರೆದೊಯ್ದದ್ದು ಎತ್ತರದ ತಗಡಿನ ಒಂದು ಹಾಲ್‌ಗೆ. ಮಧ್ಯದಲ್ಲಿ ಬಿಳಿ ಬಣ್ಣದ ಒಂದು ದೊಡ್ಡ ಡಬ್ಬಿ, ಕೆಳಗೆ ಆರು ಉಕ್ಕಿನ ಕಾಲು. ಮೆತ್ತೆಯಣ್ಣ ಅದರ ಸುತ್ತ ಒಂದು ಸುತ್ತು ಬಂದ.

"ರೆಕ್ಕೆ ಎಲ್ಲಿ?"

ಮ್ಯಾನೇಜರು ಕುಳ್ಳಗೆ, ಉರುಟಾಗಿ, ಸದಾ ಓಡುತ್ತಿರುವಂತಿದ್ದ ಮನುಷ್ಯ. ಅವನು ಕ್ಯಾಪ್ಟನ್ ಕಡೆ ತಿರುಗಿ ಪಿಸುಗುಟ್ಟಿದ: "ಮೊದಲ ಪ್ರಶ್ನೆನೇ ರೆಕ್ಕೆ ಮೇಲೆ!"

ಕ್ಯಾಪ್ಟನ್ ಎಂದರೆ ಬೆಳ್ಳಿ ಕೂದಲಿನ, ಬೆನ್ನು ಬಾಗದ ಹೆಂಗಸು. ಮೂವತ್ತು ವರ್ಷ ನಿಜವಾದ ವಿಮಾನ ಓಡಿಸಿ ಈಗ ಇಲ್ಲಿ ಮುಖ್ಯ ಶಿಕ್ಷಕಿ. ಆಕೆ ವಿವರಿಸಿದಳು: "ಇದು ಸಿಮ್ಯುಲೇಟರ್. ನೆಲ ಬಿಡಲ್ಲ. ಒಳಗೆ ಕೂತ್ರೆ ಕಿಟಕಿ ಜಾಗದಲ್ಲಿ ಪರದೆ, ಅದರ ಮೇಲೆ ಆಕಾಶ. ನಿಜವಾದ ವಿಮಾನ ಇಳಿಯುವಾಗ ಗಾಳಿ ಅದನ್ನ ಹಿಂದಕ್ಕೆ ಎಳೆಯುತ್ತೆ, ವೇಗ ಇಳಿಯುತ್ತೆ, ನೆಲಕ್ಕೆ ಕೂರುತ್ತೆ. ಆ ಎಳೆತ ಇಲ್ಲಿ ಬರೀ ಅಂಕಿ. ಕಂಪ್ಯೂಟರಲ್ಲಿ ನೂರು ಅಂತ ಇದೆ. ಮೂರು ತಿಂಗಳಿಂದ ಅದು ಸಾಲ್ತಾ ಇಲ್ಲ. ಇಳಿಯೋಕೆ ಬಂದ್ರೆ ಗಾಳಿಪಟದ ಹಾಗೆ ತೇಲ್ತಾ ರನ್‌ವೇ ದಾಟಿ ಹೋಗುತ್ತೆ. ಹೀಗೇ ಇದ್ರೆ ನಾಳೆ ಇನ್ಸ್‌ಪೆಕ್ಟರ್ ಬೀಗ ಹಾಕ್ತಾರೆ. ನನ್ನ ಹುಡುಗಿಯರ, ಹುಡುಗರ ಪರೀಕ್ಷೆ ಹೋಯ್ತು, ಒಂದು ವರ್ಷದ ಕಲಿಕೆ ಹೋಯ್ತು."

ಮೆತ್ತೆಯಣ್ಣನ ಸ್ವೆಟರಿನೊಳಗೆ ಬೆವರು ಹರಿಯಿತು. ಹೆಂಡತಿ ಅವನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಇವರು ಸೀಟಿನ ವಿಷ್ಯ ಮಾತಾಡ್ತಿಲ್ಲ. ಈಗ್ಲೇ ಹೇಳ್ಬಿಡಿ."

"ಹೇಳ್ತೀನಿ" ಅಂದು ಅವನು ಬಾಯಿ ತೆರೆದ. ಅದೇ ಹೊತ್ತಿಗೆ ಮ್ಯಾನೇಜರು ಅವನ ಎರಡೂ ಕೈ ಹಿಡಿದು, "ನಿಮ್ಮನ್ನ ಬಿಟ್ರೆ ನಮಗೆ ಗತಿ ಇಲ್ಲ ಸಾರ್" ಅಂದ. ಕಣ್ಣಲ್ಲಿ ನೀರು ಬೇರೆ. ಬಾಯಿ ಬಿಟ್ಟರೆ ಬಣ್ಣಗೇಡು. ಮೆತ್ತೆಯಣ್ಣ ತೆರೆದ ಬಾಯಿಂದ, "ಮೊದಲು ಒಳಗೆ ನೋಡೋಣ" ಎಂದ.

ಒಳಗೆ ನೂರಾರು ಗುಂಡಿ, ಮುಳ್ಳು, ದೀಪ. ಯಾವುದೂ ಅವನಿಗೆ ಗುರುತಿಲ್ಲ. ಆಮೇಲೆ ಅವನ ಕಣ್ಣು ಪೈಲಟ್ ಕೂರುವ ಸೀಟಿನ ಮೇಲೆ ಬಿತ್ತು. ನೆಂಟರಿಲ್ಲದ ಮದುವೆಮನೆಯಲ್ಲಿ ಒಬ್ಬ ಪರಿಚಿತ ಸಿಕ್ಕಂತಾಯಿತು. ಬಾಗಿ ಅಂಗೈ ಊರಿ ಒತ್ತಿದ. ಕೈ ಒಳಕ್ಕೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು.

"ಅಯ್ಯೋ! ನಾಲ್ಕು ಬೆರಳು ಕುಸಿದಿದೆ!" ಎಂದು ನಿಜವಾದ ದುಃಖದಿಂದ ಕೂಗಿದ. "ಇದರ ಮೇಲೆ ಕೂತು ಏನು ಓಡಿಸ್ತೀರಿ ತಾಯಿ?"

"ಮೂವತ್ತು ವರ್ಷದ ಅನುಭವ. ವಿಮಾನ ಏನು ಮಾಡ್ತಿದೆ ಅಂತ ನನಗೆ ಕೂತ ಜಾಗದಿಂದಲೇ ಗೊತ್ತಾಗುತ್ತೆ" ಅಂದಳು ಕ್ಯಾಪ್ಟನ್.

"ನಮ್ಮ ಕಸುಬಲ್ಲೂ ಅಷ್ಟೇ" ಅಂದ ಮೆತ್ತೆಯಣ್ಣ ಗೌರವದಿಂದ.

ಹಿಂದುಗಡೆ, ಶಿಕ್ಷಕರ ಕಂಪ್ಯೂಟರಿನ ಮುಂದೆ ಮ್ಯಾನೇಜರು ಬೆರಳು ಎತ್ತಿಕೊಂಡು ಕೂತಿದ್ದ. ಮೆತ್ತೆಯಣ್ಣ ಅಳತೆ ಪುಸ್ತಕ ಹಿಡಿದಿದ್ದ ಹೆಂಡತಿಗೆ ಹೇಳಿದ: "ಬರ್ಕೋ. ನಲವತ್ತು."

ನಲವತ್ತು ಎಂದರೆ ನಲವತ್ತರ ಸ್ಪಂಜು. ಸ್ಪಂಜಿನಲ್ಲಿ ಅಂಕಿ ಹೆಚ್ಚಾದಷ್ಟೂ ಗಟ್ಟಿ. ಈ ಸಂಗತಿ ಕಸುಬಿನವರಿಗೆ ಗೊತ್ತು, ಮ್ಯಾನೇಜರಿಗೆ ಗೊತ್ತಿಲ್ಲ.

"ನಲವತ್ತಾ ಸಾರ್?" ಅವನು ಎತ್ತಿದ ಬೆರಳು ಇಳಿಸಲಿಲ್ಲ. "ಜಾಸ್ತಿ ಆಗಲ್ವಾ?"

"ನಲವತ್ತೇ! ಕಡಿಮೆ ಹಾಕಿದ್ರೆ ಆರೇ ತಿಂಗಳು, ಮತ್ತೆ ಇದೇ ಗೋಳು. ಕಣ್ಮುಚ್ಚಿ ಹಾಕಿ!"

ಮ್ಯಾನೇಜರು ಅಕ್ಷರಶಃ ಕಣ್ಣು ಮುಚ್ಚಿ ನೂರಕ್ಕೆ ನಲವತ್ತು ಸೇರಿಸಿ ನೂರನಲವತ್ತು ಮಾಡಿದ. ಕ್ಯಾಪ್ಟನ್ ಬೆಲ್ಟು ಬಿಗಿದು ಕೂತಳು. ಡಬ್ಬಿ ಗುಂಯ್‌ಗುಟ್ಟಿ ಕಾಲ ಮೇಲೆದ್ದಿತು. ಪರದೆಯ ಮೇಲೆ ಹೊಲ, ಹೊಳೆ, ರಸ್ತೆ ಕೆಳಗೆ ಸರಿದವು. ಮೆತ್ತೆಯಣ್ಣ ಹಿಂದಿನ ಮಡಚು ಕುರ್ಚಿಯಲ್ಲಿ ಕೂತು ಹೆಂಡತಿಯ ಕೈ ಹಿಡಿದುಕೊಂಡ. ವಿಮಾನ ಸುತ್ತು ಹಾಕಿ ಬಂತು, ರನ್‌ವೇ ಹತ್ತಿರವಾಯಿತು, ಮೂರು ತಿಂಗಳಿಂದ ತೇಲುತ್ತಿದ್ದ ವಿಮಾನ ಕೋಳಿ ಮೊಟ್ಟೆಯ ಮೇಲೆ ಕೂರುವಂತೆ ಮೆಲ್ಲಗೆ ಕೂತಿತು.

ಮ್ಯಾನೇಜರು ಕಿರುಚಿ ಮೆತ್ತೆಯಣ್ಣನನ್ನು ತಬ್ಬಿಕೊಂಡ. ಕ್ಯಾಪ್ಟನ್ ಮುಖದಲ್ಲಿ ನಗು ಬಂತು. ಅದು ಕೂಡ ಮೂರು ತಿಂಗಳಿಂದ ಬಂದಿರಲಿಲ್ಲವಂತೆ.

"ನೋಡಿದ್ಯಾ?" ಅಂದ ಮೆತ್ತೆಯಣ್ಣ ಹೆಂಡತಿಗೆ.

"ನೀವು ಹೇಳಿದ್ದು ಸ್ಪಂಜಿನ ನಲವತ್ತು. ಅವರು ಹಾಕಿದ್ದು ಇನ್ನೇನಕ್ಕೋ."

"ನಲವತ್ತು ಎಲ್ಲಿದ್ರೂ ನಲವತ್ತೇ ಕಣೆ."

ಆ ಗಳಿಗೆಯಲ್ಲಿ ಕೆಲಸ ಮುಗಿಯಿತು ಎಂದು ಅವನು ವ್ಯಾನು ಹತ್ತಿದ್ದರೆ ಬಚಾವಾಗುತ್ತಿದ್ದ. ಆದರೆ ಎಷ್ಟೇ ಜಂಭದವನಾದರೂ ಕಸುಬಿನಲ್ಲಿ ಅವನು ಪ್ರಾಮಾಣಿಕ. ಕುಸಿದ ಸೀಟು ಕಂಡ ಮೇಲೆ ಅದನ್ನು ಹಾಗೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. "ಸೀಟು ಬಿಚ್ಚಬೇಕು. ಅಸಲಿ ಕೆಲಸ ಇನ್ನೂ ಶುರುನೇ ಆಗಿಲ್ಲ" ಅಂದ.

ಮ್ಯಾನೇಜರಿಗೆ ರೋಮಾಂಚನವಾಯಿತು. "ಎಳೆತಕ್ಕೂ ಸೀಟಿಗೂ ಸಂಬಂಧ ಇದೆಯಾ?"

"ಇಲ್ದೆ ಇರುತ್ತಾ?"

ಸಂಜೆಯವರೆಗೆ ಗಂಡ ಹೆಂಡತಿ ಹಾಲ್‌ನ ನೆಲದ ಮೇಲೆ ಕೂತು ಕೆಲಸ ಮಾಡಿದರು. ನಲವತ್ತರ ಸ್ಪಂಜು ಕೊರೆದು ಕೂರಿಸಿ, ಹೊಸ ಹೊದಿಕೆ ಹೊಲಿದು, ಮೂಲೆ ಮೂಲೆಗೂ ಎಳೆತ ಹಿಡಿದು ಮೊಳೆ ಹೊಡೆದರು. ಸೀಟು ಎಷ್ಟು ಚೆನ್ನಾಗಿ ಎದ್ದು ನಿಂತಿತೆಂದರೆ, ತಂತಾನೇ ಹಾರೀತು ಎನ್ನುವಂತಿತ್ತು. ಅದನ್ನು ತಿರುಗಿ ಜಾಗಕ್ಕೆ ಕೂರಿಸುವಷ್ಟರಲ್ಲಿ ಎಲ್ಲರೂ ಮನೆಗೆ ಹೊರಡುವ ಹೊತ್ತು. ಹೊಸ ಸೀಟಿನ ಮೇಲೆ ಆ ದಿನ ಯಾರೂ ವಿಮಾನ ಓಡಿಸಲಿಲ್ಲ. "ನಾಳೆ ಇನ್ಸ್‌ಪೆಕ್ಟರ್ ಎದುರಿಗೆ ನೀವೂ ಇರ್ಬೇಕು ಸಾರ್" ಎಂದು ಮ್ಯಾನೇಜರು ಕೈ ಮುಗಿದ.

ವ್ಯಾನು ಬೀದಿಗೆ ಬಂದಾಗ ನಾವೆಲ್ಲ ಕಾಯುತ್ತಿದ್ದೆವು.

"ಏನಾಯ್ತು? ಏನಾಯ್ತು?" ಎಂದ ಕ್ಷೌರದವನು.

ಮೆತ್ತೆಯಣ್ಣ ಸ್ವೆಟರು ತೆಗೆಯುತ್ತ, ದಣಿದವನ ದನಿಯಲ್ಲಿ ಹೇಳಿದ: "ಏನಿಲ್ಲ. ಮೂರು ತಿಂಗಳಿಂದ ವಿಮಾನ ಇಳೀತಾ ಇರ್ಲಿಲ್ಲ. ಇಳಿಸಿ ಬಂದೆ."

ಇದರಲ್ಲಿ ಒಂದು ಪದವೂ ಸುಳ್ಳಲ್ಲ ಎಂಬುದನ್ನು ಗಮನಿಸಬೇಕು. ಆದರೆ ಔಷಧಿ ಅಂಗಡಿಯವನು ಬೆಚ್ಚಿಬಿದ್ದ. "ಮೂರು ತಿಂಗಳು ಮೇಲೇ ಇತ್ತಾ? ಒಳಗಿದ್ದೋರ ಊಟ ತಿಂಡಿ?"

"ಅದನ್ನೆಲ್ಲ ನಾನು ಕೇಳೋಕೆ ಹೋಗ್ಲಿಲ್ಲ" ಅಂದ ಮೆತ್ತೆಯಣ್ಣ. ಅದೂ ನಿಜವೇ.

ಹೆಂಡತಿ, "ಅದು ನೆಲದ ಮೇಲಿರೋ ಡಬ್ಬಿ, ನಾವು ಸೀಟು ಹೊಲಿದ್ವಿ" ಎಂದು ಮೂರು ಸಲ ಹೇಳಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಬೀದಿ ಯಾವಾಗಲೂ ನೀರಿನ ಕಡೆಗೇ. ಕತ್ತಲಾಗುವ ಮೊದಲೇ ಕ್ಷೌರದಂಗಡಿಯಲ್ಲಿ ಮುನ್ನೂರು ಪ್ರಯಾಣಿಕರು ಬದುಕುಳಿದಿದ್ದರು. ಔಷಧಿ ಅಂಗಡಿಯಲ್ಲಿ ಅವರ ಪೈಕಿ ಒಬ್ಬಾಕೆಗೆ ಮೇಲೆಯೇ ಹೆರಿಗೆಯಾಗಿತ್ತು. ಅತ್ತೆ ಮಾತ್ರ ಮಗಳ ಮುಖ ನೋಡಿ, ಅಳಿಯನ ಮುಖ ನೋಡಿ, ಒಳಗೆ ಹೋದಳು.

ಮರುದಿನ ಬೆಳಗ್ಗೆ ಮೆತ್ತೆಯಣ್ಣ ತೋಳು ಗಿಡ್ಡವಾದ ಕೋಟು ಹಾಕಿಕೊಂಡು, ಹೆಂಡತಿಯ ಜೊತೆ ಶಾಲೆಗೆ ಹೋದ. ಇನ್ಸ್‌ಪೆಕ್ಟರ್ ಆಗಲೇ ಬಂದಿದ್ದರು. ಒಣಕಲು ಮೈ, ಮೆಲುದನಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಫಾರಮು. ಅವರು ಕೆಮ್ಮಿದರೆ ಅದನ್ನೂ ಫಾರಮಿನಲ್ಲಿ ಬರೆಯುವವರಂತೆ ಕಾಣುತ್ತಿದ್ದರು. ಐದು ಜನ ಡಬ್ಬಿಯೊಳಗೆ ಹೋದರು. ಕ್ಯಾಪ್ಟನ್ ಎಡಗಡೆಯ ಹೊಸ ಸೀಟಿನಲ್ಲಿ, ಇನ್ಸ್‌ಪೆಕ್ಟರ್ ಬಲಗಡೆ, ಮ್ಯಾನೇಜರು ಕಂಪ್ಯೂಟರ್ ಮುಂದೆ, ಗಂಡ ಹೆಂಡತಿ ಹಿಂದೆ.

"ಎಳೆತದ ಸಮಸ್ಯೆ ಪೂರ್ತಿ ಬಗೆಹರಿದಿದೆ ಸಾರ್!" ಮ್ಯಾನೇಜರು ಕೂತಲ್ಲೇ ಕುಣಿದ. "ಎಳೆತ ತಜ್ಞರನ್ನೇ ಕರೆಸಿದೀವಿ."

ಇನ್ಸ್‌ಪೆಕ್ಟರ್ ತಿರುಗಿ ನೋಡಿದರು. ಮೆತ್ತೆಯಣ್ಣ ಕೋಟಿನ ತೋಳು ಎಳೆದುಕೊಂಡ.

ವಿಮಾನ ಏರಿತು, ಸುತ್ತಿತು, ಇಳಿಯಲು ತಿರುಗಿತು. ರನ್‌ವೇ ಬಿಳಿ ಪಟ್ಟಿಯಾಗಿ ಮುಂದೆ ಕಂಡಿತು. ಕ್ಯಾಪ್ಟನ್ ಹುಬ್ಬು ಗಂಟಿಕ್ಕಿದಳು. "ಏನೋ ಬೇರೆ ಥರ ಇದೆಯಲ್ಲ" ಅಂದಳು. ವೇಗದ ಮುಳ್ಳು ದಡದಡ ಇಳಿಯಿತು. ಎಂಜಿನ್ ಜೋರು ಮಾಡಿದಳು. ಮುಳ್ಳು ಕೇಳಲಿಲ್ಲ. ರನ್‌ವೇ ಇನ್ನೂ ಅಷ್ಟು ದೂರ ಇರುವಾಗಲೇ ವಿಮಾನ ಕೈಜಾರಿದ ಕುಂಬಳಕಾಯಿಯ ಹಾಗೆ ಕೆಳಕ್ಕೆ ಬಿತ್ತು. ಆರು ಕಾಲಿನ ಡಬ್ಬಿ ಧಡಾರನೆ ಕುಸಿದು ಹಾರಿ ಮತ್ತೆ ಕುಸಿಯಿತು. ಇನ್ಸ್‌ಪೆಕ್ಟರ ಕನ್ನಡಕ ಗುಂಡಿಗಳ ಮೇಲೆ ಬಿತ್ತು. ಮ್ಯಾನೇಜರು ಕುರ್ಚಿಯಿಂದಲೇ ಬಿದ್ದ. ಪರದೆ ಕೆಂಪಾಯಿತು.

ಇನ್ಸ್‌ಪೆಕ್ಟರ್ ಕನ್ನಡಕ ಹುಡುಕಿ ಹಾಕಿಕೊಂಡು ಗಡಿಯಾರ ನೋಡಿದರು. "ಹತ್ತು ಹನ್ನೆರಡು. ಲೆಕ್ಕದ ಪ್ರಕಾರ ನಾವೆಲ್ಲ ಸತ್ತಿದೀವಿ" ಎಂದು ಮೆಲ್ಲಗೆ ಹೇಳಿ ಫಾರಮಿನಲ್ಲಿ ಬರೆದರು. "ಇವತ್ತಿಗೆ ಇನ್ನೊಂದೇ ಅವಕಾಶ ಇದೆ. ಅದೂ ಹೀಗೇ ಆದ್ರೆ ಬೀಗ."

ಮ್ಯಾನೇಜರು ನೆಲದ ಮೇಲಿಂದಲೇ ಕೂಗಿದ: "ತಜ್ಞರೇ! ಹೇಳಿ! ಎಷ್ಟು ಹಾಕ್ಲಿ? ಇನ್ನೂ ಜಾಸ್ತಿ ಮಾಡ್ಲಾ?"

ಎಲ್ಲರೂ ಮೆತ್ತೆಯಣ್ಣನ ಕಡೆ ನೋಡಿದರು. ಅವನು ಹೆಂಡತಿಯ ಕಡೆ ನೋಡಿದ. ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಬೀದಿಯಲ್ಲಿ ಮುನ್ನೂರು ಜನರನ್ನು ಉಳಿಸಿದವನು ಇಲ್ಲಿ ಐದು ಜನರನ್ನು ಕೊಂದು ಕೂತಿದ್ದ. 'ಎಲ್ಲಾ ಎಳೆತದಲ್ಲಿದೆ' ಎಂಬ ಮಾತು ಗಂಟಲವರೆಗೆ ಬಂತಂತೆ. ಅದನ್ನು ನುಂಗಿದ.

"ಗೊತ್ತಿಲ್ಲ" ಅಂದ.

"ಅಂದ್ರೆ?"

"ನನಗೆ ಗೊತ್ತಿಲ್ಲ ಸಾರ್. ನಿಮ್ಮ ಎಳೆತ ಏನು ಅಂತ್ಲೇ ನನಗೆ ಗೊತ್ತಿಲ್ಲ. ನಾನು ಸೀಟು ಹೊಲಿಯೋನು. ನಲವತ್ತು ಅಂದಿದ್ದು ಸ್ಪಂಜಿಗೆ. ನಾಲ್ಕು ಬೆರಳು ಕುಸಿದಿತ್ತು, ನಾಲ್ಕು ಬೆರಳು ಎತ್ತಿದೀನಿ. ನಾನು ಮಾಡಿದ್ದು ಅಷ್ಟೇ. ಉಳಿದಿದ್ದೆಲ್ಲ ನನ್ನ ಕಾರ್ಡು ಮಾಡಿದ್ದು."

ಮ್ಯಾನೇಜರು ನೆಲದ ಮೇಲೆ ಕಾಲು ಚಾಚಿಕೊಂಡ. ಕ್ಯಾಪ್ಟನ್ ನಿಧಾನವಾಗಿ ತನ್ನ ಸೀಟಿನ ಅಂಚು ಮುಟ್ಟಿ ನೋಡಿದಳು. ಕಣ್ಣಿನ ನೇರಕ್ಕೆ ಅಂಗೈ ಇಟ್ಟು ಮುಂದಿನ ಕಿಟಕಿಯ ಅಂಚಿಗೆ ಹಿಡಿದಳು.

"ನಾಲ್ಕು ಬೆರಳಾ?" ಅಂದಳು.

"ಅಳತೆ ಪುಸ್ತಕದಲ್ಲಿದೆ" ಅಂದಳು ಹೆಂಡತಿ. ಇದು ಆ ಬೆಳಗ್ಗೆ ಅಲ್ಲಿ ಅವಳ ಮೊದಲ ಮಾತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಕ್ಯಾಪ್ಟನ್ ತೊಡೆ ಬಡಿದುಕೊಂಡಳು. "ಎಳೆತ ಕೆಟ್ಟೇ ಇರ್ಲಿಲ್ಲ! ಕುಸಿದಿದ್ದು ಸೀಟು! ಕೆಳಗೆ ಕೂತ್ರೆ ರನ್‌ವೇ ಕಾಣಲ್ಲ. ಕಾಣ್ಲಿ ಅಂತ ನಾವು ಗೊತ್ತಿಲ್ದೇನೇ ವಿಮಾನದ ಮೂತಿ ಬಗ್ಗಿಸ್ತಿದ್ವಿ. ಮೂತಿ ಬಗ್ಗಿದ್ರೆ ವೇಗ ಏರುತ್ತೆ, ವೇಗ ಏರಿದ್ರೆ ತೇಲುತ್ತೆ. ದಿನಾ ಸ್ವಲ್ಪ ಸ್ವಲ್ಪವೇ ಕುಸಿದಿದ್ದಕ್ಕೆ ಯಾರಿಗೂ ತಿಳೀಲಿಲ್ಲ. ನಿನ್ನೆ ಎಳೆತ ಏರಿಸಿದಾಗ ಆ ತಪ್ಪು ಮುಚ್ಚಿಹೋಯ್ತು. ಇವತ್ತು ಸೀಟೂ ಸರಿ, ನಾನೂ ಸರಿ, ಅಂಕಿ ಮಾತ್ರ ತಪ್ಪು. ಮ್ಯಾನೇಜರೇ, ನೂರಕ್ಕೆ ಇಳಿಸ್ರೀ!"

ಮ್ಯಾನೇಜರು ತೆವಳಿಕೊಂಡೇ ಹೋಗಿ ನೂರು ಒತ್ತಿದ. ವಿಮಾನ ಮತ್ತೆ ಏರಿತು. ಮೆತ್ತೆಯಣ್ಣ ಕೋಟಿನ ತುದಿ ಕಚ್ಚಿಕೊಂಡಿದ್ದ. ರನ್‌ವೇ ಬಂತು, ಬಂತು. ಕ್ಯಾಪ್ಟನ್ ಮೂತಿಯನ್ನು ಚೂರೇ ಎತ್ತಿದಳು. ಚಕ್ರ ನೆಲಕ್ಕೆ ತಾಗಿದ್ದು ತಿಳಿಯಲೇ ಇಲ್ಲ. ಇನ್ಸ್‌ಪೆಕ್ಟರ ಪೆನ್ನು ಕೂಡ ಅಲುಗಲಿಲ್ಲ.

"ಹ್ಞೂಂ" ಅಂದರು ಇನ್ಸ್‌ಪೆಕ್ಟರ್. "ನಾನು ಒಂದ್ಸಲ ಕೂತು ನೋಡ್ಬೇಕಾಗುತ್ತೆ. ನಿಯಮ."

ನಿಯಮ ಎಷ್ಟು ಸಲ ಎಂದು ಹೇಳುವುದಿಲ್ಲವಂತೆ. ಅವರು ಒಂದು ಸಲ ಇಳಿಸಿದರು, ನಕ್ಕರು. ಎರಡನೇ ಸಲ ಇಳಿಸಿದರು, ಸದ್ದು ಮಾಡಿ ನಕ್ಕರು. ಆರನೇ ಸಲ ಇಳಿಸಿದಾಗ, ಕೋಟು ಬಿಚ್ಚಿ ಮ್ಯಾನೇಜರ ಕೈಗೆ ಕೊಟ್ಟು, "ಇನ್ನೊಂದೇ, ಕೊನೇದು" ಅಂದರು. ಫಾರಮಿನಲ್ಲಿ 'ತೃಪ್ತಿಕರ' ಎಂದು ಬರೆದು ಅಡಿಗೆರೆ ಎಳೆದರು. ಹೊರಡುವ ಮುನ್ನ ಸೀಟಿನ ಮೇಲೆ ಅಂಗೈ ಒತ್ತಿ, ಮೆತ್ತೆಯಣ್ಣನಿಗೆ ಹೇಳಿದರು: "ನಮ್ಮ ಆಫೀಸಿಗೂ ಬನ್ನಿ. ಅಲ್ಲಿ ನಲವತ್ತು ಕುರ್ಚಿ ಇದಾವೆ. ನಾನು ಹೇಳ್ತಿರೋದು ಕುರ್ಚಿಯ ನಲವತ್ತು."

ಅವರು ಹೋದ ಮೇಲೆ ಕ್ಯಾಪ್ಟನ್ ಗಂಡ ಹೆಂಡತಿಯನ್ನು ಕರೆದಳು. "ನೀವೂ ಕೂತು ನೋಡಿ. ಮೊದಲು ಯಾರು?"

ಯಾರು ಎಂದು ಕೇಳುವಷ್ಟರಲ್ಲಿ ಮೆತ್ತೆಯಣ್ಣ ಎಡಗಡೆಯ ಸೀಟಿನಲ್ಲಿದ್ದ. ಏರಿಸುವುದನ್ನು ಕ್ಯಾಪ್ಟನ್ ಹೇಳಿಕೊಟ್ಟಂತೆ ಏರಿಸಿದ. ಆಮೇಲೆ ಮೋಡದೊಳಗೆ ಹೊಕ್ಕ, ಹೊರಬಂದ, ಹೊಳೆಯ ಮೇಲೆ ಹೋದ, ಬೆಟ್ಟ ಕಂಡು ಕೂಗಿದ. "ಇಳಿಸಿ" ಅಂದರೆ, "ಇಳೀತಿಲ್ಲ ತಾಯಿ, ಇಳೀತಿಲ್ಲ!" ಎಂದು ಹಿಡಿಕೆ ಬಿಟ್ಟು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡ. ಔಷಧಿ ಅಂಗಡಿಯವನ ಮಾತ್ರೆ ಮನೆಯಲ್ಲೇ ಉಳಿದಿತ್ತು. ಮ್ಯಾನೇಜರು ಓಡಿಹೋಗಿ ಬಕೆಟ್ಟು ತಂದ.

ಬಲಗಡೆ ಕೂತಿದ್ದ ಹೆಂಡತಿ ತನ್ನ ಮುಂದಿದ್ದ ಹಿಡಿಕೆ ಹಿಡಿದಳು. ಇಪ್ಪತ್ತು ವರ್ಷ ಬಟ್ಟೆಯನ್ನು ಗೆರೆ ತಪ್ಪದೆ ಸೂಜಿಯ ಕೆಳಗೆ ಹಾಯಿಸಿದವಳು. ಆತುರಪಡಬೇಡಿ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಆ ನಡುಗೆರೆ ಮೇಲೆ ಬಂದ್ರೆ ಸಾಕಲ್ವಾ?" ಎಂದು ಕೇಳಿದಳು. "ಸಾಕು" ಅಂದಳು ಕ್ಯಾಪ್ಟನ್. ಹೆಂಡತಿ ತುಟಿ ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದೇ ಗೇಣು ಇಳಿಸುತ್ತ ಬಂದಳು. ಚಕ್ರ ಒಂದು ಸಲ 'ಟಪ್' ಅಂದಿತು, ಅಷ್ಟೇ. ವಿಮಾನ ನಡುಗೆರೆಯ ಮೇಲೆ ನೆಟ್ಟಗೆ ಓಡಿ ನಿಂತಿತು.

ಕ್ಯಾಪ್ಟನ್ ಪರದೆಯ ನಡುಗೆರೆ ನೋಡಿ, "ನಮ್ಮ ಹುಡುಗರಿಗೆ ಇದಕ್ಕೆ ಎರಡು ತಿಂಗಳು ಬೇಕು" ಅಂದಳು. ಹೆಂಡತಿ ನಾಚಿಕೊಂಡು ಸೀಟಿನ ದಾರದ ತುದಿಯೊಂದನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

ಮಧ್ಯಾಹ್ನ ವ್ಯಾನು ಬೀದಿಗೆ ಬಂದಾಗ ಜನ ಇನ್ನೂ ಹೆಚ್ಚು ಸೇರಿದ್ದರು. ಮೆತ್ತೆಯಣ್ಣ ಕೆಳಗಿಳಿದ. ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಹೊಳೆಯುತ್ತಿತ್ತು. ಇಡೀ ಬೀದಿಗೆ ಕೇಳುವಂತೆ ಹೇಳಿದ: "ನಿನ್ನೆ ನಾನು ಏನೂ ಇಳಿಸ್ಲಿಲ್ಲ. ಬರೀ ಸೀಟು ಹೊಲಿದೆ. ಇವತ್ತು ವಿಮಾನ ಇಳಿಸಿದ್ದು ಇವಳು. ನಾನು ಬಕೆಟ್ ಹಿಡ್ಕೊಂಡು ಕೂತಿದ್ದೆ."

ಜನ ನಕ್ಕರು. "ದೊಡ್ಡೋರು ಹೀಗೇ ನೋಡಿ, ಎಷ್ಟು ವಿನಯ!" ಅಂದ ಔಷಧಿ ಅಂಗಡಿಯವನು. ಕ್ಷೌರದವನು ಚಪ್ಪಾಳೆ ತಟ್ಟಿದ. ಮೆತ್ತೆಯಣ್ಣ ಗಂಟಲು ಹರಿಯುವಂತೆ ನಿಜ ಹೇಳಿದಷ್ಟೂ ಚಪ್ಪಾಳೆ ಜೋರಾಯಿತು. ಕೊನೆಗೆ ಅವನು ಕೈಚೆಲ್ಲಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ.

ನಂಬಿದವಳು ಅತ್ತೆ ಒಬ್ಬಳೇ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಮಗಳನ್ನು ಕರೆದು, "ನೆಟ್ಟಗೆ ಇಳಿಸಿದ್ಯಾ?" ಎಂದು ಕೇಳಿದಳು. ಮಗಳು ಹೌದೆಂದು ತಲೆಯಾಡಿಸಿದಳು. ಅತ್ತೆ ಒಳಗೆ ಹೋಗಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಅಳಿಯನ ಸ್ಕೂಟರಿನ ಕೀ ತಂದು ಮಗಳ ಕೈಗಿಟ್ಟಳು.

"ಹದಿನೆಂಟು ವರ್ಷ ಇವನ ಹಿಂದೆ ಕೂತು ನನ್ನ ಪ್ರಾಣ ಬಾಯಿಗೆ ಬಂದಿದೆ. ನಾಳೆಯಿಂದ ನೀನೇ ಓಡಿಸು."

ಮರುದಿನ ಬೆಳಗ್ಗೆ ಅವರು ಇನ್ಸ್‌ಪೆಕ್ಟರ ಆಫೀಸಿಗೆ ಅಳತೆ ತೆಗೆಯಲು ಹೊರಟದ್ದನ್ನು ನಾನು ಕಣ್ಣಾರೆ ಕಂಡೆ. ಹೆಂಡತಿ ಮುಂದೆ, ಮೆತ್ತೆಯಣ್ಣ ಹಿಂದೆ, ಅವನ ತೋಳಿನಲ್ಲಿ ಸುರುಳಿ ಸುತ್ತಿದ ಸ್ಪಂಜು. ಸ್ಕೂಟರು ಬೀದಿಯ ನಟ್ಟನಡುವೆ, ನೂಲು ಹಿಡಿದಂತೆ ಹೋಯಿತು. ತಿರುವಿನಲ್ಲಿ ಅವಳು ಹಾರ್ನ್ ಕೂಡ ಹೊಡೆಯಲಿಲ್ಲ. ಮೆತ್ತೆಯಣ್ಣ ಮಾತ್ರ ಎರಡೂ ಕಡೆಯ ಅಂಗಡಿಗಳಿಗೆ ಕೈ ಬೀಸುತ್ತ ಕೂಗುತ್ತಿದ್ದ: "ದಾರಿ ಬಿಡ್ರೋ! ಓಡಿಸ್ತಿರೋಳು ನನ್ನ ಹೆಂಡ್ತಿ!"